ಕಾಯಿಕೊರಕಕ್ಕೆ ಬಿಟಿ ವಂಶವಾಹಿ ದಾಟಿದೆಯೇ?

ಮಾನ್ಯರೇ,

ಕೀಟಗಳ ಒಡಲಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳ ವಂಶವಾಹಿಗಳು ಕೆಲವೊಮ್ಮೆ ಆ ಕೀಟಗಳ ಸ್ವಂತ ಸೊತ್ತಾಗಿಬಿಡುತ್ತವೆ ಎಂದು ಕಳೆದ ಸಂಚಿಕೆಯ ಲೇಖನದಲ್ಲಿ ಓದಿದ ತಾವು, ಸವಣೂರು ಸೀಮೆಯ ಹತ್ತಿ ಬೆಳೆಗಾರರಾಗಿ ಹೀಗೆ ಕೇಳಿದ್ದೀರಿ: ಬಿಟಿ ಹತ್ತಿಯ (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿಯ) ಕಾಯಿ ತಿಂದ ಗುಲಾಬಿ ಕಾಯಿಕೊರಕದೊಳಗೂ ಬಿಟಿ ವಂಶವಾಹಿ ಹೊಕ್ಕು, ಅದರಿಂದಲೇ ಹುಳು ಸಾಯದಂತಾಗಿದೆಯೇ? ಬಿಟಿ ಅಲ್ಲದ ಬೀಜವನ್ನು ಜೊತೆಗೆ ಬಿತ್ತಬೇಕೆನ್ನುವುದಕ್ಕೆ ಅರ್ಥವಿದೆಯೇ ಎಂಬುದು ತಮ್ಮ ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ, ಇಲ್ಲ. ಆದರೆ ಏಕಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಗದಗದ ಕಡೆ ಹೆಸರುಕಾಳು ಕೂಡಿಟ್ಟ ಮನೆಗಳಲ್ಲಿ ಕಾಳಿನ ಹುಳುವನ್ನು ಅರಿಯದವರಿಲ್ಲ. ಕಾಳಿನ ಮೇಲೆ ಬಿಳಿ ಚುಕ್ಕೆಯಂತೆ ಅಂಟಿಕೊಂಡ ಮೊಟ್ಟೆ, ಹುಳು ಹೊರಬಿದ್ದ ಮೇಲೆ ಉಳಿಯುವ ದುಂಡನೆಯ ತೂತು, ಇವೇ ಅದರ ಗುರುತು. ಈ ಹುಳುವಿನಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಇದನ್ನು ಮೊದಲು ಕಂಡದ್ದು ಸೊಳ್ಳೆಯಲ್ಲಿ. ತಾಯಿಯ ಮೊಟ್ಟೆಯೊಳಗೆ ಸೇರಿಯೇ ಅದು ಮುಂದಿನ ಪೀಳಿಗೆಗೆ ಸಾಗುತ್ತದೆ. ಜಪಾನಿನ ಸಂಶೋಧಕರು ಕಾಳಿನ ಹುಳುವಿನಲ್ಲಿ ಮೂರು ಬಗೆಯ ವೊಲ್ಬಾಕಿಯಾದ ಸುಳಿವು ಕಂಡಿದ್ದರು. ಆದರೆ ಆಂಟಿಬಯಾಟಿಕ್ ಕೊಟ್ಟರೂ ಮೂರನೆಯದರ ಸುಳಿವು ಅಳಿಯಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಗಂಡುಹುಳು ಅದನ್ನು ತನ್ನ ಹೆಣ್ಣುಸಂತಾನಕ್ಕೆ ಮಾತ್ರ ದಾಟಿಸುತ್ತಿತ್ತು. ತಂದೆಯಿಂದ ಮಗಳಿಗೆ ಹೋಗಿ ಮಗನಿಗೆ ಹೋಗದಿರುವುದು, ವಂಶವಾಹಿಗಳನ್ನು ಹೊತ್ತು ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತುವಿನ ನಡೆಯೇ ಹೊರತು ಯಾವ ಬ್ಯಾಕ್ಟೀರಿಯಾದ ನಡೆಯೂ ಅಲ್ಲ. ಅಲ್ಲಿದ್ದದ್ದು ಜೀವಂತ ಬ್ಯಾಕ್ಟೀರಿಯಾವಲ್ಲ, ಹುಳುವಿನ ಎಕ್ಸ್ ವರ್ಣತಂತುವಿನೊಳಗೆ ಸೇರಿಹೋದ ಅದರ ಡಿಎನ್ಎ ತುಂಡು ಎಂದು 2002ರಲ್ಲಿ ಅವರು ಪ್ರಕಟಿಸಿದರು. ಇಷ್ಟು ಸರಳ ತರ್ಕದಿಂದ ಇಷ್ಟು ದೊಡ್ಡ ಸಂಗತಿ ಹೊರಬಿದ್ದ ಉದಾಹರಣೆಗಳು ಜೀವಶಾಸ್ತ್ರದಲ್ಲಿ ಹೆಚ್ಚಿಲ್ಲವೆಂದು ನನಗನ್ನಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಮೊಟ್ಟೆಯನ್ನು. ಕೀಟದ ಕರುಳಿನ ಕೋಶಕ್ಕೆ ಹೊರಗಿನ ಡಿಎನ್ಎ ಹೇಗೋ ಸೇರಿತೆಂದೇ ಇಟ್ಟುಕೊಂಡರೂ ಆ ಕೀಟದೊಂದಿಗೇ ಅದು ಮುಗಿದುಹೋಗುತ್ತದೆ. ಪೀಳಿಗೆಗೆ ಇಳಿಯಬೇಕಾದರೆ ಮೊಟ್ಟೆಯನ್ನೋ ವೀರ್ಯವನ್ನೋ ರೂಪಿಸುವ ಕೋಶದೊಳಗೆ ಸೇರಬೇಕು. ಮೊಟ್ಟೆಯಲ್ಲೇ ಬಿಡಾರ ಹೂಡಿದ ವೊಲ್ಬಾಕಿಯಾಕ್ಕೆ ಲಕ್ಷಾಂತರ ಪೀಳಿಗೆಗಳುದ್ದಕ್ಕೂ ಆ ಅವಕಾಶ ಸಿಕ್ಕಿದೆ. ಹಾಗಿದ್ದೂ ಹೀಗೆ ದಾಟಿದ ವಂಶವಾಹಿಗಳಲ್ಲಿ ಬಹುಪಾಲು ಕೆಟ್ಟು ನಿಷ್ಪ್ರಯೋಜಕವಾಗಿವೆ.

ಒಟ್ಟಿಗೆ ಬಾಳಿದ ಮಾತ್ರಕ್ಕೆ ವಂಶವಾಹಿ ದಾಟಿಯೇ ತೀರುತ್ತದೆ ಎಂದೂ ಇಲ್ಲ. ಸಸ್ಯಹೇನಿನೊಳಗಿನ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ, ಗಿಡದ ರಸದಲ್ಲಿ ಸಾಕಷ್ಟು ಸಿಗದ ಅಮೈನೋ ಆಮ್ಲಗಳನ್ನು ಹೇನಿಗೆ ಒದಗಿಸುತ್ತ ಹದಿನಾರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬಾಳಿದೆ, ಈ ಅವಧಿಯಲ್ಲಿ ತನ್ನ ಬಹುತೇಕ ವಂಶವಾಹಿಗಳನ್ನು ಕಳೆದುಕೊಂಡು ಸುಮಾರು ಆರುನೂರರಲ್ಲಿ ಸಂಸಾರ ಸಾಗಿಸುತ್ತಿದೆ. ಕಳೆದುಹೋದವೆಲ್ಲ ಹೇನಿನ ವರ್ಣತಂತುಗಳಿಗೆ ಹೋಗಿರಬಹುದೆಂದು ಹುಡುಕಿದವರಿಗೆ ಅಲ್ಲಿ ಬುಕ್ನೆರಾದ ಕೆಲಸ ಮಾಡುವ ವಂಶವಾಹಿ ಸಿಗಲಿಲ್ಲ. ಸಿಕ್ಕ ಬೆರಳೆಣಿಕೆಯ ಉಪಯುಕ್ತ ವಂಶವಾಹಿಗಳು ಬೇರೆ ಬ್ಯಾಕ್ಟೀರಿಯಾಗಳವು. ಹಿಟ್ಟುತಿಗಣೆಯ ಕಥೆಯೂ ಹೆಚ್ಚುಕಡಿಮೆ ಇದೇ.

ತಿಂದ ಗಿಡದಿಂದ ಎಂದೂ ದಾಟುವುದೇ ಇಲ್ಲ ಎಂದು ಹೇಳಲಾರೆ. ಹತ್ತಿಯ ಮೇಲೂ ಕೂರುವ ಬಿಳಿನೊಣದಲ್ಲಿ ಸಸ್ಯಮೂಲದ ವಂಶವಾಹಿಯೊಂದು ಇರುವುದು 2021ರಲ್ಲಿ ಬೆಳಕಿಗೆ ಬಂದಿದೆ. ಅದು ಸೇರಿದ್ದು ಲಕ್ಷಾಂತರ ವರ್ಷಗಳ ಹಿಂದೆ. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕದ್ದು 2002ರಲ್ಲಿ. ಅದೂ ಅಲ್ಲದೆ, ಬಿಟಿ ವಂಶವಾಹಿಯ ಕೆಲಸ ವಿಷದ ಪ್ರೋಟೀನು ತಯಾರಿಸುವುದು. ಅದನ್ನು ಪಡೆದ ಹುಳುವಿಗೆ ಆ ವಿಷದಿಂದ ರಕ್ಷಣೆ ಸಿಗುವುದಿಲ್ಲ.

ಕಾಯಿಕೊರಕ ಬದುಕಿದ್ದು ತನ್ನದೇ ವಂಶವಾಹಿಯ ಬದಲಾವಣೆಯಿಂದ. ಬಿಟಿ ಪ್ರೋಟೀನು ಹುಳುವಿನ ಕರುಳಿನ ಕ್ಯಾಡ್ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೊಲ್ಲುತ್ತದೆ. ಕ್ಯಾಡ್ಹೆರಿನ್ ಕೆಟ್ಟಿರುವ ಹುಳುವಿನಲ್ಲಿ ಅಂಟಲು ನೆಲೆಯೇ ಇರುವುದಿಲ್ಲ. ಕ್ಯಾಡ್ಹೆರಿನ್ ವಂಶವಾಹಿಯ ಕೆಟ್ಟ ಪ್ರತಿ ತಾಯಿ ಮತ್ತು ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ತಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ: ಬಿಟಿ ಅಲ್ಲದ ಗಿಡಗಳ ಮೇಲೆ ಬೆಳೆದ ಸಾಮಾನ್ಯ ಪತಂಗಗಳು ಬದುಕುಳಿದವುಗಳೊಂದಿಗೆ ಕೂಡಿದರೆ, ಒಂದೇ ಕೆಟ್ಟ ಪ್ರತಿಯುಳ್ಳ ಮರಿಗಳು ಬಿಟಿ ಕಾಯಿ ತಿಂದು ಸಾಯುತ್ತವೆ. ಆದ್ದರಿಂದ ಆ ಬೀಜವನ್ನು ತಪ್ಪದೆ ಬಿತ್ತಿರಿ.

ಸಂಪಾದಕ