ಹುಲಿ ತುಪ್ಪವಾದ ಕಥೆ ಮತ್ತು ಆ ಹುಡುಗನ ಹೆಸರು

ಪ್ರಶ್ನೆ: ಅಕ್ಕಾ, ಧಾರವಾಡದ ತವರುಮನೆಯ ಅಟ್ಟದಲ್ಲಿ ‘ಲಿಟಲ್ ಬ್ಲ್ಯಾಕ್ ಸಾಂಬೊ’ ಅನ್ನೋ ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಹುಡುಗನ ಬಟ್ಟೆ, ಛತ್ರಿ ಕಸಿದ ಹುಲಿಗಳು ಜಗಳಾಡಿ, ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುವ ಕಥೆ. ಆರು ವರ್ಷದ ಮಗನಿಗೆ ದಿನಾ ರಾತ್ರಿ ಅದೇ ಬೇಕು. ಅಮೆರಿಕದಲ್ಲಿರುವ ನಾದಿನಿ ವಿಡಿಯೋ ಕಾಲ್‌ನಲ್ಲಿ ನೋಡಿದವಳೇ ‘ಮೊದಲು ಅದನ್ನು ತೆಗೆದಿಡಿ’ ಅಂದಳು. ಸಾಂಬ ಅಂದರೆ ನಮ್ಮ ಶಿವ ಅಲ್ವಾ, ತಪ್ಪೇನು?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ನಾದಿನಿ ಸುಮ್ನೆ ಹೇಳಿಲ್ಲ. ನಮ್ಮ ಕಿವಿಗೆ ಅದು ಸಾಂಬಯ್ಯ, ಸಾಂಬಶಿವ. ಇಂಗ್ಲಿಷಿನಲ್ಲಿ ಮಾತ್ರ ಈ ಪುಸ್ತಕ ಬರುವ ಮೊದಲೇ ಸಾಂಬೊ ಅನ್ನುವುದು ಕಪ್ಪು ಜನರನ್ನು ಹೀಯಾಳಿಸುವ ಮಾತಾಗಿತ್ತು.

ಬರೆದವರು ಸ್ಕಾಟ್ಲೆಂಡಿನ ಹೆಲೆನ್ ಬ್ಯಾನರ್‌ಮನ್. ಗಂಡ ಇಲ್ಲೇ ಇಂಡಿಯಾದಲ್ಲಿ ಸರ್ಕಾರಿ ಡಾಕ್ಟರು. ತಮ್ಮ ಮಕ್ಕಳಿಗಾಗಿ ಕಥೆ ಕಟ್ಟಿ ಚಿತ್ರವನ್ನೂ ತಾವೇ ಬರೆದರು, 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಾಗಾಗಿ ಹುಲಿ, ತುಪ್ಪ, ಹಿತ್ತಾಳೆ ಪಾತ್ರೆ ಎಲ್ಲ ನಮ್ಮವೇ. ಹುಡುಗ ಮಾತ್ರ ನಮ್ಮವನೂ ಅಲ್ಲ, ಆಫ್ರಿಕಾದವನೂ ಅಲ್ಲ. ಆಗ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ರಂಗದ ಮೇಲೆ ಕಪ್ಪು ಜನರನ್ನು ಅಣಕಿಸುತ್ತಿದ್ದರಲ್ಲ, ಅದೇ ವೇಷ. ಅಪ್ಪ ಅಮ್ಮನ ಹೆಸರೂ ಜಂಬೊ, ಮಂಬೊ!

ಪುಸ್ತಕದ ಹಕ್ಕು ಹೋಗಿದ್ದು ಬರೀ 5 ಪೌಂಡಿಗೆ. ಆಮೇಲೆ ಕೇಳುವವರೇ ಇಲ್ಲ. ಅಮೆರಿಕದ ಪ್ರಕಾಶಕರು ಮನಸ್ಸಿಗೆ ಬಂದಂತೆ ಚಿತ್ರ ಹಾಕಿಸಿದರು, ಕೆಲವು ಮೂಲಕ್ಕಿಂತ ಅಸಹ್ಯ. ಕ್ಲಾಸಿನಲ್ಲಿ ಇದನ್ನು ಓದಿಸುವುದು, ಆಟಕ್ಕೆ ಬಿಟ್ಟಾಗ ಕಪ್ಪು ಮಕ್ಕಳನ್ನು ಅದೇ ಹೆಸರಿನಿಂದ ಕೂಗುವುದು ನಡೆಯಿತು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1930ರ ದಶಕದಲ್ಲೇ ಇದು ಆ ಮಕ್ಕಳಿಗೆ ನೋವು ಕೊಡುತ್ತದೆ ಅಂತ ಬರೆದಿದ್ದರು. ಯಾರು ಕೇಳಿದರು? 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ತಮ್ಮ ಹೆಸರುಗಳ ತುಂಡು ಜೋಡಿಸಿ ‘ಸಾಂಬೋಸ್’ ಹೋಟೆಲ್ ತೆರೆದು, ಗೋಡೆಗೆ ಇದೇ ಕಥೆಯ ಚಿತ್ರ ಹಾಕಿಸಿದರು. ಶಾಖೆಗಳು ಸಾವಿರ ದಾಟಿ ಆಮೇಲೆ ಕಂಪನಿ ಮುಳುಗಿತು. ಉಳಿದ ಒಂದೇ ಒಂದು ಹೋಟೆಲ್ ಆ ಹೆಸರು ಬಿಟ್ಟಿದ್ದು 2020ರಲ್ಲಿ.

ನಿಮ್ಮ ಮಗ ಚಿಕ್ಕವನು, ಅವನಿಗೆ ಇದೆಲ್ಲ ಬೇಡ. ಆದರೆ ನಮ್ಮಿಂದ ದೂರದ ವಿಷಯ ಅಂತಲೂ ಅಂದುಕೊಳ್ಳಬೇಡಿ. ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಸಿದ್ದಿ ಜನರ ಊರುಗಳಿವೆ, ಕಲಘಟಗಿ ತಾಲೂಕಿನಲ್ಲೂ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ನಾಳೆ ಅವರ ಹುಡುಗನೊಬ್ಬ ಮಗನ ಪಕ್ಕದ ಬೆಂಚಿಗೆ ಬಂದರೆ, ಇವನು ಪ್ರೀತಿಯಿಂದಲೇ ‘ಏ ಸಾಂಬೊ’ ಅಂದುಬಿಟ್ಟಾನು. (ನಮ್ಮ ಮನೆಗಳಲ್ಲೇ ಕಪ್ಪಗಿರುವ ಮಗುವನ್ನು ‘ಕರಿಯಾ’ ಅನ್ನುತ್ತೇವೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಪುಸ್ತಕ ಹರಿಯಬೇಡಿ, ಮೇಲಿನ ಕಪಾಟಿನಲ್ಲಿಡಿ. ಹೈಸ್ಕೂಲಿಗೆ ಬಂದಾಗ ಚಿತ್ರಗಳನ್ನು ತೋರಿಸಿ, ಅವನೇ ಹತ್ತು ಪ್ರಶ್ನೆ ಕೇಳುತ್ತಾನೆ. ಈಗ ದೀಪ ಆರಿಸಿ ಬಾಯಲ್ಲೇ ಕಥೆ ಹೇಳಿ. 1996ರಲ್ಲಿ ಇದೇ ಕಥೆಗೆ ಭಾರತದ ಹೆಸರು, ಹೊಸ ಚಿತ್ರ ಹಾಕಿ ‘ಲಿಟಲ್ ಬಾಬಾಜಿ’ ಅಂತ ತಂದರು, ಕಥೆಯ ಕೂದಲೂ ಕೊಂಕಲಿಲ್ಲ. ನೀವು ಬಸು ಅನ್ನಿ, ಮಲ್ಲು ಅನ್ನಿ. ಕೊನೆಗೆ ಮೂವರೂ ಆ ತುಪ್ಪದಲ್ಲಿ ಮಾಡಿ ತಿನ್ನುವ ಪ್ಯಾನ್‌ಕೇಕ್ ಬದಲು ತುಪ್ಪದ ದೋಸೆ ಮಾಡಿದರೂ ಆದೀತು. ಯಾರು ಎಷ್ಟು ತಿಂದರು ಅನ್ನುವ ಲೆಕ್ಕ ಮಾತ್ರ ತಪ್ಪಿಸಬೇಡಿ, ಮಕ್ಕಳು ಹಿಡಿದುಬಿಡುತ್ತಾರೆ: ಅಮ್ಮ 27, ಅಪ್ಪ 55, ಮಗ 169.