ಪದಕ್ಕೆ ಅರ್ಥ ಕೊಡುವುದು ನಿಘಂಟೋ, ಜನರ ಮಾತೋ?

ಜನರ ಮಾತೇ. ನಿಘಂಟು ಆ ಬಳಕೆಯನ್ನು ಆಮೇಲೆ ಬರೆದಿಡುತ್ತದೆ.

ನಮ್ಮ ವಿಜಯಪುರದ ಸಂತೆಯಲ್ಲಿ 'ಜೋಳ' ಅಂದರೆ ರೊಟ್ಟಿ ಬಡಿಯುವ ಬಿಳಿಜೋಳ. ಯಾರೂ ಬಿಡಿಸಿ ಹೇಳುವುದಿಲ್ಲ. ಬೆಂಗಳೂರಿನ ತಳ್ಳುಗಾಡಿಯಲ್ಲಿ 'ಒಂದು ಜೋಳ ಕೊಡಿ' ಅಂದರೆ ಕೆಂಡದಲ್ಲಿ ಸುಟ್ಟ ಮೆಕ್ಕೆಜೋಳದ ತೆನೆ ಸಿಗುತ್ತದೆ. ಎರಡೂ ಸರಿ. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ, ಬೇರೆ ಖಂಡಗಳಿಗೆ ಹರಡಿದ್ದು 1492ರ ನಂತರ. ಅದು ಇಲ್ಲಿಗೆ ಬಂದಾಗ ಜನ ಇದ್ದ ಪದವನ್ನೇ ಅದಕ್ಕೂ ಹಚ್ಚಿದರು. ನಮ್ಮ ಕಡೆ ಅದು 'ಗೋವಿನಜೋಳ'. ಬರೀ 'ಜೋಳ' ಅಂದರೆ ಏನು ಅನ್ನೋದು ಇಲ್ಲಿ ಮೊದಲೇ ಗಟ್ಟಿಯಾಗಿತ್ತು, ಅಲ್ವಾ?

ಹಾಗಂತ ಒಬ್ಬರೇ ಸುಮ್ನೆ ಅರ್ಥ ಬದಲಿಸೋಕೆ ಆಗಲ್ಲ. ನಾನು ಸಜ್ಜೆಯನ್ನು ಮನಸ್ಸಲ್ಲಿಟ್ಟುಕೊಂಡು 'ಜೋಳ' ಅಂದರೂ ಅಂಗಡಿಯವರು ಜೋಳವನ್ನೇ ತೂಗುತ್ತಾರೆ. ಬಳಕೆ ಎಲ್ಲರದ್ದೂ ಆಗಿರಬೇಕು. ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಕೂಡ ಹೆಚ್ಚಿನ ಸಂದರ್ಭಗಳಲ್ಲಿ ಪದದ ಅರ್ಥವೆಂದರೆ ಭಾಷೆಯಲ್ಲಿ ಅದರ ಬಳಕೆ ಎಂದಿದ್ದರು.

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ 'ಬರ್ತೀನ್ರಿ'. ಹೊರಟು ನಿಂತವರು ಹೇಳುವ ಮಾತಿದು. ಪದವನ್ನು ಎಷ್ಟು ಒಡೆದು ನೋಡಿದರೂ ಅದರಲ್ಲಿ 'ಹೊರಟೆ' ಅನ್ನೋದು ಸಿಗುವುದಿಲ್ಲ. ಆದರೂ ಕೇಳಿದವರೆಲ್ಲ ಹಾಗೇ ತಿಳಿಯುತ್ತಾರೆ.