ಧ್ವನಿ ತಡವಾಗಿ ಕೇಳುತ್ತದೆ ಎಂದು ಸಾಫ್ಟ್‌ವೇರ್ ಬದಲಿಸಬೇಡಿ

ಸುರತ್ಕಲ್‌ನಿಂದ ಬರೆದವರೇ, ದಯವಿಟ್ಟು ಇನ್ನೊಂದು ಟ್ರಯಲ್ ಇಳಿಸಿಕೊಳ್ಳಬೇಡಿ. "ಭಜನೆ ರೆಕಾರ್ಡ್ ಮಾಡಲು ಮೊದಲು ಎಫ್‌ಎಲ್ ಸ್ಟುಡಿಯೋ ಹಾಕಿದೆ, ಆಮೇಲೆ ಕ್ಯೂಬೇಸ್, ಎರಡರಲ್ಲೂ ಹಾಡುವಾಗ ನನ್ನ ಧ್ವನಿ ತಡವಾಗಿ ಕೇಳುತ್ತದೆ, ಈಗ ಏಬಲ್‌ಟನ್ ನೋಡಲಾ" ಎಂದು ಕೇಳಿದ್ದೀರಿ. ಮೂರೂ ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ನಿಮ್ಮ ಫೋಟೋ ನೋಡಿದೆ. ಮೇಜಿನ ಮೇಲೆ ಸ್ಕಾರ್ಲೆಟ್ ಸೋಲೋ, ಅಂದರೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೋ ಕಾರ್ಡ್ ಉಂಟು, ಅದರ ಪಕ್ಕದಲ್ಲೇ ಬ್ಲೂಟೂತ್ ಇಯರ್‌ಬಡ್‌ನ ಡಬ್ಬಿ. ತೊಂದರೆ ಆ ಡಬ್ಬಿಯಲ್ಲಿದೆ ಮಾರಾಯ್ರೆ, ಸಾಫ್ಟ್‌ವೇರ್‌ನಲ್ಲಿ ಅಲ್ಲ.

ನಾನು ಇದೇ ತಪ್ಪು ಮಾಡಿದವನು. 2017ರಲ್ಲಿ ಕಟಪಾಡಿ ಹತ್ತಿರದ ನಮ್ಮ ಭಜನಾ ಮಂಡಳಿಗೆ ಮಂಗಲೋತ್ಸವದ ಮೊದಲು ಐದು ಹಾಡು ರೆಕಾರ್ಡ್ ಮಾಡಿ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಹಾರ್ಮೋನಿಯಂ, ತಬಲಾ ಮೊದಲೇ ತೆಗೆದುಕೊಂಡಿದ್ದೆ. ಮುಖ್ಯ ಹಾಡುಗಾರರಿಗೆ ಬ್ಲೂಟೂತ್ ಹೆಡ್‌ಫೋನ್ ಕೊಟ್ಟು ಹಾಡಲು ಕೂರಿಸಿದೆ. ಎರಡನೇ ಸಾಲಿಗೇ ಅವರು ನಿಧಾನವಾದರು. ತಮ್ಮದೇ ಸ್ವರಕ್ಕೆ ಕಾಯುತ್ತಿದ್ದರು. ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, "ನನ್ನ ಸ್ವರ ನನ್ನ ಹಿಂದಿಂದ ಬರ್ತಾ ಉಂಟಲ್ಲ" ಅಂದರು. ನಾನು ಸಾಫ್ಟ್‌ವೇರ್ ಸರಿ ಇಲ್ಲ ಎಂದುಕೊಂಡೆ. ಮೂರು ತಿಂಗಳಲ್ಲಿ ನಾಲ್ಕು ಬದಲಿಸಿದೆ. ಪ್ರತಿ ಸಲ ಹೊಸ ಮೆನು, ಹೊಸ ಶಾರ್ಟ್‌ಕಟ್, ಮತ್ತೆ ಅದೇ ತಡ. ಕೊನೆಗೆ ಮಂಗಲೋತ್ಸವದ ದಿನ ಮೈಕಿನಲ್ಲಿ ಹಾಕಿದ್ದು ಯಾರದೋ ಮೊಬೈಲಿನ ರೆಕಾರ್ಡಿಂಗ್. ಆಮೇಲೊಂದು ದಿನ ಹೆಡ್‌ಫೋನಿನ ಬ್ಯಾಟರಿ ಮುಗಿದು ವೈರಿನ ಇಯರ್‌ಫೋನ್ ಸಿಕ್ಕಿಸಿದಾಗ ಎಲ್ಲ ಸರಿಯಾಯಿತು. ಅಷ್ಟು ಸಣ್ಣ ವಿಷಯ.

ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ ಇರುತ್ತದೆ. ಯಾವ ಸಾಫ್ಟ್‌ವೇರ್ ಬಂದರೂ ಅದನ್ನು ತೆಗೆಯಲು ಆಗುವುದಿಲ್ಲ. ವೈರಿನ ಹೆಡ್‌ಫೋನ್ ತಗೊಳ್ಳಿ. ಅದನ್ನು ಲ್ಯಾಪ್‌ಟಾಪಿಗೆ ಅಲ್ಲ, ಸ್ಕಾರ್ಲೆಟ್‌ಗೇ ಹಾಕಿ. ಸ್ಕಾರ್ಲೆಟ್ ಮಾಡುವ ಫೋಕಸ್‌ರೈಟ್‌ನವರ ಡ್ರೈವರ್ ಹಾಕಿ ಆಡಿಯೋ ಸೆಟ್ಟಿಂಗ್‌ನಲ್ಲಿ ಅವರ ಅಸಿಯೋ (ತಡ ಕಡಿಮೆ ಮಾಡುವ ಡ್ರೈವರ್) ಆರಿಸಿ. ಕಾರ್ಡ್ ಇರುವಾಗ ಅಸಿಯೋ4ಆಲ್ ಎಂಬ ಉಚಿತ ಡ್ರೈವರ್ ಬೇಡ, ಅದು ಕಾರ್ಡ್ ಇಲ್ಲದವರಿಗೆ. ರೆಕಾರ್ಡ್ ಮಾಡುವಾಗ ಬಫರ್, ಅಂದರೆ ಲ್ಯಾಪ್‌ಟಾಪ್ ಒಮ್ಮೆಗೆ ಹಿಡಿದಿಡುವ ಧ್ವನಿಯ ತುಣುಕು, 128 ಇಡಿ. ಸೆಕೆಂಡಿಗೆ 44100 ಸ್ಯಾಂಪಲ್ ಇರುವಾಗ 128 ಅಂದರೆ ಸುಮಾರು 3 ಮಿಲಿಸೆಕೆಂಡ್, 512 ಅಂದರೆ ಸುಮಾರು 12. ಇದು ಸ್ವರ ಲ್ಯಾಪ್‌ಟಾಪಿಗೆ ಹೋಗುವಾಗ ಒಮ್ಮೆ, ಕಿವಿಗೆ ಬರುವಾಗ ಒಮ್ಮೆ, ಮೇಲೆ ಡ್ರೈವರ್‌ನದ್ದು ಸ್ವಲ್ಪ. ಚಟಪಟ ಶಬ್ದ ಬಂದರೆ 256 ಮಾಡಿ. ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ, ಆಗ ತಡ ಆದರೂ ತೊಂದರೆ ಇಲ್ಲ. ಇಷ್ಟೂ ಬೇಡ ಅಂದರೆ ಮೈಕಿನ ಸ್ವರವನ್ನು ಕಾರ್ಡಿನಿಂದಲೇ ನೇರ ಕಿವಿಗೆ ಕೊಡುವ ಡೈರೆಕ್ಟ್ ಮಾನಿಟರ್ ಆನ್ ಮಾಡಿ, ಸಾಫ್ಟ್‌ವೇರ್ ಒಳಗಿನ ಮಾನಿಟರಿಂಗ್ ಆಫ್ ಮಾಡಿ. ಎರಡೂ ಆನ್ ಇದ್ದರೆ ಸ್ವರ ಎರಡೆರಡು ಸಲ ಕೇಳುತ್ತದೆ.

ಇನ್ನು ಯಾವುದು ತಗೊಳ್ಳುವುದು. ನಿಮ್ಮದು ವಿಂಡೋಸ್, 8 ಜಿಬಿ, ಕೆಲಸ ಹಾಡು ರೆಕಾರ್ಡ್ ಮಾಡುವುದು. ನಾನು ರೀಪರ್ ಎಂಬ ಸಾಫ್ಟ್‌ವೇರ್ ಎನ್ನುತ್ತೇನೆ. 60 ದಿನ ಪೂರ್ತಿ ಟ್ರಯಲ್, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ಅದರಲ್ಲಿ ವಾದ್ಯಗಳ ಸೌಂಡ್ ಇಲ್ಲ ಅಂತಲೇ ಹೇಳಬೇಕು, ನೋಡಲೂ ಚಂದ ಇಲ್ಲ. ಎಫ್‌ಎಲ್ ಬೀಟ್ ಮಾಡುವವರಿಗೆ ತುಂಬ ಒಳ್ಳೆಯದು, ಒಮ್ಮೆ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಉಚಿತ. ಆದರೆ ಅದರ ಕಡಿಮೆ ಬೆಲೆಯ ಫ್ರೂಟಿ ಎಡಿಷನ್ ತಗೊಂಡು ಹಾಡು ರೆಕಾರ್ಡ್ ಆಗುವುದಿಲ್ಲ ಎಂದು ಅಳಬೇಡಿ, ಅದಕ್ಕೆ ಪ್ರೊಡ್ಯೂಸರ್ ಎಡಿಷನ್ ಬೇಕು. ಎಫ್‌ಎಲ್ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಕೊಳ್ಳುವವರೆಗೆ ಮತ್ತೆ ತೆರೆಯುವುದಿಲ್ಲ, ಅದೂ ಗೊತ್ತಿರಲಿ. ಯಾವುದಾದರೂ ಆಗಲಿ, ಒಂದರಲ್ಲೇ ಮೂರು ಹಾಡು ಪೂರ್ತಿ ಮುಗಿಸಿ. ಅಲ್ಲಿವರೆಗೆ ಹೊಸ ಪ್ಲಗಿನ್ (ಒಳಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಬೇಡ. ರೀಪರ್ ಜೊತೆ ಬರುವ ರಿಯಾಇಕ್ಯೂ (ಸ್ವರದ ಬಣ್ಣ ತಿದ್ದಲು), ರಿಯಾಕಾಂಪ್ (ಜೋರು-ಮೆದು ಸಮ ಮಾಡಲು) ಸಾಕು.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬೀಗ ಒಡೆದ ಸಾಫ್ಟ್‌ವೇರ್‌ನ ಲಿಂಕ್ ಇನ್‌ಬಾಕ್ಸ್ ಮಾಡುತ್ತೇನೆ ಎಂದಿದ್ದಾರೆ. ಹೊಸಬರಿಗೆ ಯಾಕೆ ಸುಮ್ನೆ ಇದನ್ನು ಕಲಿಸುತ್ತೀರಿ? ನಾನು ಆಗ ಬದಲಿಸಿದ ನಾಲ್ಕರಲ್ಲಿ ಒಂದು ಕ್ರ್ಯಾಕ್ ಆಗಿತ್ತು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ತೆರೆಯಲೇ ಇಲ್ಲ, ಎರಡು ಹಾಡಿನ ಎಡಿಟಿಂಗ್ ಪೂರ್ತಿ ಹೋಯಿತು. ಹಾಗಾಗಿ ಈಗ ಯಾವ ಹಾಡು ಮುಗಿದರೂ ಪ್ರತಿ ಟ್ರ್ಯಾಕನ್ನು ಹಾಡಿನ ಸೊನ್ನೆ ಸೆಕೆಂಡಿನಿಂದ ಶುರು ಮಾಡಿ ಒಂದೇ ಉದ್ದದ ವೇವ್ ಫೈಲಾಗಿ ಬೇರೆ ಡಿಸ್ಕಿನಲ್ಲಿ ಇಡುತ್ತೇನೆ. ಮಂಗಳೂರಿನ ಯಾವ ಸ್ಟುಡಿಯೋಗೆ ಮಿಕ್ಸಿಂಗ್‌ಗೆ ಕೊಟ್ಟರೂ ಅದು ತೆರೆಯುತ್ತದೆ.

ಭಜನೆಗೆ ಕ್ಲಿಕ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ತಾಳ) ಹಾಕಬೇಡಿ. ಕೊನೆಗೆ ವೇಗ ಏರಿಯೇ ಏರುತ್ತದೆ, ಏರಬೇಕು. ಹಾರ್ಮೋನಿಯಂ ಮೊದಲು ರೆಕಾರ್ಡ್ ಮಾಡಿ. ಹಳೆ ಹಾರ್ಮೋನಿಯಂ ಹೆಚ್ಚಾಗಿ ಸಾಫ್ಟ್‌ವೇರ್ ವಾದ್ಯಗಳ 440 ಹರ್ಟ್ಸ್ ಶ್ರುತಿಯಲ್ಲಿ ಇರುವುದಿಲ್ಲ, ಆಮೇಲೆ ಸಾಫ್ಟ್‌ವೇರ್ ಕೊಳಲು ಸೇರಿಸಿದರೆ ಶ್ರುತಿ ಕಚ್ಚುವುದಿಲ್ಲ. ಕೊಳಲಿನ ಫೈನ್ ಟ್ಯೂನ್ ತಿರುಗಿಸಿ ಹಾರ್ಮೋನಿಯಂಗೆ ಕೂರಿಸಿ, ಹಾರ್ಮೋನಿಯಂ ಮುಟ್ಟಬೇಡಿ. 24 ಬಿಟ್‌ನಲ್ಲಿ ತೆಗೆಯಿರಿ, ಜೋರು ಬಂದ ಕಡೆಯೂ ಮೀಟರ್ ಮೈನಸ್ 10 ಡೆಸಿಬೆಲ್ ಸುತ್ತ ಇರಲಿ. ಮುಂದೆ ಚೆಂಡೆ ತೆಗೆಯುವುದಿದ್ದರೆ ಮೈಕ್ ಇನ್ನೂ ದೂರ ಇಡಿ. ಕೆಂಪು ದೀಪ ಹತ್ತಿದ ಪೆಟ್ಟು ಒಡೆದೇ ಹೋಯಿತು, ಸರಿ ಮಾಡಲು ಆಗದು.

ಆಟಿ ತಿಂಗಳ ಜೋರು ಮಳೆಯಲ್ಲಿ ಹಂಚಿನ ಮಾಡಿನ ಕೆಳಗೆ ಹಾಡು ತೆಗೆಯುವ ಆಸೆ ಬಿಡಿ, ಆಗ ಎಡಿಟಿಂಗ್ ಮಾಡಿ. ಕಂಡೆನ್ಸರ್ ಮೈಕನ್ನು ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿಯಲ್ಲಿ ಇಡಲು ಹೇಳುವವರಿದ್ದಾರೆ, ಕೇಳಬೇಡಿ, ಅದರ ಧೂಳು ಒಳಗೆ ಹೋಗುತ್ತದೆ. ಗುಂಯ್ ಶಬ್ದ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಶಬ್ದ ನಿಂತರೆ ಮನೆಯ ಅರ್ಥಿಂಗ್ ನೋಡಿಸಬೇಕು. ಆದರೆ ಬ್ಯಾಟರಿಯಲ್ಲಿ ಓಡಿಸುವಾಗ ವಿಂಡೋಸ್ ಪವರ್ ಉಳಿಸಲು ಹೋಗಿ ಚಟಪಟ ಮಾಡುತ್ತದೆ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ.

ಇವತ್ತು ರಾತ್ರಿ ಫ್ಯಾನ್ ಆಫ್ ಮಾಡಿ, ವೈರಿನ ಹೆಡ್‌ಫೋನಿನಲ್ಲಿ ಒಂದು ನುಡಿ ಹಾಡಿ ನೋಡಿ. ಬಫರ್ 128ಕ್ಕೆ ನಿಂತಿತಾ, 256 ಬೇಕಾಯಿತಾ ಎಂದು ಇಲ್ಲೇ ಬರೆಯಿರಿ.